ಬಡಗಿಯ ಮೇಜಲ್ಲ, ತಂತ್ರಾಂಶ

ಮಾನ್ಯರೇ,

ತಂತ್ರಾಂಶ (ಸಾಫ್ಟ್‌ವೇರ್) ರಚನೆ ಉತ್ಪಾದನೆಯೋ, ಕೃತಿರಚನೆಯೋ? ನಮ್ಮ ಕಾನೂನಿನ ಉತ್ತರ ಒಂದೇ ಅಲ್ಲ. ಸಿ.ಡಿ.ಯಲ್ಲಿ ತುಂಬಿ ಮಾರುವ ಸಿದ್ಧ ತಂತ್ರಾಂಶ ಮಾರಾಟ ತೆರಿಗೆಯ ಮಟ್ಟಿಗೆ ಸರಕು ಎಂದು ಟಿಸಿಎಸ್ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿತು. ಜಿಎಸ್‌ಟಿಯಲ್ಲಿ ತಂತ್ರಾಂಶ ಬರೆದುಕೊಡುವುದು ಸೇವೆ. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯಲ್ಲಾದರೋ ಅದು ಕಥೆ, ಕವನಗಳ ಸಾಲಿನ 'ಸಾಹಿತ್ಯ ಕೃತಿ'!

ನನ್ನ ಮತ ಕೃತಿಯ ಕಡೆಗೇ. ಪ್ರತಿ ತೆಗೆಯುವುದು ಉತ್ಪಾದನೆ ಇರಬಹುದು, ಬರೆಯುವುದಲ್ಲ.

ಇದು ತಿಳಿಯದೆ ಪೆಟ್ಟು ತಿನ್ನುವವರು ಸಣ್ಣ ಉದ್ಯಮಿಗಳು. ಬಡಗಿಗೆ ಹಣ ಕೊಟ್ಟರೆ ಮೇಜು ನಮ್ಮದು. ಆದರೆ ಹೊರಗಿನ ಪ್ರೋಗ್ರಾಮರ್‌ಗೆ ಪೂರ್ತಿ ಹಣ ಕೊಟ್ಟರೂ ಕೋಡ್‌ನ ಹಕ್ಕು ಅವರಲ್ಲೇ ಉಳಿಯುತ್ತದೆ. ಮಾಲೀಕನೇ ಮೊದಲ ಹಕ್ಕುದಾರನಾಗುವುದು (17ನೇ ಕಲಂ) ನೌಕರರು ಕೆಲಸದ ಭಾಗವಾಗಿ ಬರೆದದ್ದಕ್ಕೆ ಮಾತ್ರ. ಹೊರಗಿನವರಿಂದ ಹಕ್ಕು ಬರಬೇಕಾದರೆ ಸಹಿ ಮಾಡಿದ ಲಿಖಿತ ವರ್ಗಾವಣೆ ಬೇಕು. ಅದರಲ್ಲಿ ಯಾವ ಕೃತಿ, ಯಾವ ಹಕ್ಕು, ಎಷ್ಟು ಹಣ ಎಂಬುದಿರಲಿ. ಅವಧಿ ಬರೆಯದಿದ್ದರೆ ವರ್ಗಾವಣೆ 5 ವರ್ಷಕ್ಕೇ ಮುಗಿಯುತ್ತದೆ. ಪ್ರದೇಶ ಬರೆಯದಿದ್ದರೆ ಭಾರತಕ್ಕಷ್ಟೇ ಸೀಮಿತ. ಕೊನೆಯ ಕಂತು ಕೊಡುವ ಮುನ್ನವೇ ಸಹಿ ಹಾಕಿಸಿಕೊಳ್ಳಿ. ಮೂಲ ಕೋಡ್ ಮತ್ತು ಸರ್ವರ್ ಪಾಸ್‌ವರ್ಡ್‌ಗಳನ್ನೂ ಆಗಲೇ ಪಡೆಯಿರಿ.

– ಓದುಗ, ಬೆಂಗಳೂರು