‘ದೇವೆರೆ, ತೂಲೆ’: ಬರೆಯಲು ಹೊರಟ ತಂಗಿಗೆ

ಜೆಪ್ಪು, ಮಂಗಳೂರು
ಆಟಿಯ ಮಳೆ, ಸೋಮವಾರ ರಾತ್ರಿ

ಪ್ರೀತಿಯ ತಂಗಿಗೆ,

ಕರ್ತನಲ್ಲಿ ವಂದನೆಗಳು. ನೀನು ಉಡುಪಿಯಿಂದ ಕಳುಹಿಸಿದ ಆರು ಬರಹಗಳು ಕಳೆದ ವಾರ ಕೈಸೇರಿದವು. ಲಕೋಟೆಯ ಒಂದು ಮೂಲೆ ಮಳೆಗೆ ನೆನೆದಿತ್ತು, ಒಳಗಿನ ಹಾಳೆಗಳಿಗೆ ಏನೂ ಆಗಿರಲಿಲ್ಲ. ಎರಡು ಸಲ ಓದಿದೆ. ಮೊದಲ ಸಲ ನನ್ನಷ್ಟಕ್ಕೆ, ಎರಡನೆಯ ಸಲ ಪಕ್ಕದ ಮನೆಯ ಜಗಲಿಯಲ್ಲಿ ಕುಳಿತು ಗಟ್ಟಿಯಾಗಿ. ಆ ಎರಡನೆಯ ಓದಿನ ವಿಷಯವನ್ನು ಆಮೇಲೆ ಹೇಳುತ್ತೇನೆ.

ದಿನನಿತ್ಯದ ಬದುಕಿನಲ್ಲಿ ಸೋತು ಕುಳಿತ ಹೆಣ್ಣುಮಕ್ಕಳಿಗೆ ಧೈರ್ಯ ಕೊಡುವಂಥದ್ದನ್ನು ಬರೆಯಬೇಕು, ಹೇಗೆ ಬರೆಯಲಿ ಎಂದು ಕೇಳಿದ್ದೀಯ. ಮೂವತ್ತು ವರ್ಷಗಳಿಂದ ನಾನು ಮಾಡಿಕೊಂಡು ಬಂದ ಕೆಲಸವೂ ಅದೇ. ಸ್ತ್ರೀಯರ ಕೂಟಗಳಿಗೆ, ಸಭೆಯ ಮಾಸಪತ್ರಿಕೆಗೆ, ಈಸ್ಟರಿಗೆ ಮುಂಚಿನ ಲೆಂಟಿನ ನಲವತ್ತು ದಿನಗಳಿಗೆ ಧ್ಯಾನಗಳನ್ನು, ಎಂದರೆ ಸತ್ಯವೇದದ ಮಾತುಗಳ ಮೇಲಿನ ಕಿರುಬರಹಗಳನ್ನು, ಬರೆಯುತ್ತಾ ಬಂದಿದ್ದೇನೆ. ನಿನಗೆ ಬರೆಯುವ ಕೈ ಇದೆ, ಅದರಲ್ಲಿ ಅನುಮಾನ ಬೇಡ. ರಾತ್ರಿ ಪಾಳಿ ಮುಗಿಸಿ ಬಂದ ನರ್ಸು ಚಪ್ಪಲಿಯನ್ನೂ ಕಳಚದೆ ಮನೆಯ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು ಎಂದು ಬರೆದಿದ್ದೀಯಲ್ಲ, ಆ ವಾಕ್ಯವನ್ನು ಓದಿ ನಾನು ಪುಟ ಕೆಳಗಿಟ್ಟೆ. ನನ್ನ ತಾಯಿ ಗೇರುಬೀಜದ ಕಾರ್ಖಾನೆಯಿಂದ ಬಂದು ಹಾಗೆಯೇ ಕೂರುತ್ತಿದ್ದಳು. ಸಿಪ್ಪೆಯ ಎಣ್ಣೆ ತಾಗಿ ಕಪ್ಪಾದ ಬೆರಳುಗಳನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು, ಯಾರೂ ಮಾತನಾಡಿಸಬಾರದು ಎನ್ನುವ ಹಾಗೆ.

ಆದರೆ ನಿನ್ನ ಮರುವಾಕ್ಯವನ್ನು ನೋಡು: ‘ಸಹೋದರಿಯರೇ, ಕರ್ತನಲ್ಲಿ ಬಲಗೊಂಡು ಎದ್ದು ನಿಲ್ಲಿರಿ.’ ಪಾಪ, ಆ ಹುಡುಗಿ ಇನ್ನೂ ಚಪ್ಪಲಿ ಕಳಚಿಲ್ಲ! ಅವಳನ್ನು ಎಬ್ಬಿಸಲು ನಿನಗೆ ಅಷ್ಟೇಕೆ ಅವಸರ? ಅವಳ ಕಾಲು ಊದಿತ್ತೇ, ಆ ರಾತ್ರಿ ವಾರ್ಡಿನಲ್ಲಿ ಯಾರಾದರೂ ತೀರಿಕೊಂಡಿದ್ದರೇ, ಒಳಗೆ ಹೋದರೆ ಅವಳೇ ಬೆಂಕಿ ಹಚ್ಚಿ ಚಹಾ ಇಡಬೇಕಿತ್ತೇ? ನಿನಗೆ ಗೊತ್ತಿರಬಹುದು, ನನಗೆ ನೀನು ಹೇಳಲಿಲ್ಲ. ನಿನ್ನೂರಿನ ಮಿಷನ್ ಆಸ್ಪತ್ರೆಯನ್ನು 1923ರಲ್ಲಿ ಆರಂಭಿಸಿದವರು ಬಾಸೆಲ್ ಮಿಷನಿನ ವೈದ್ಯೆ ಇವಾ ಲೊಂಬಾರ್ಡ್. ಸ್ವಿಟ್ಜರ್ಲೆಂಡಿನ ಹೆಣ್ಣುಮಗಳು. ಅವರ ಮುಂದೆ ಬಂದು ಕುಳಿತ ನಮ್ಮ ಹೆಂಗಸರಿಗೂ ಮೊದಲು ಸಿಕ್ಕಿದ್ದು ಮದ್ದಾಗಿರಲಾರದು, ‘ಎಲ್ಲಿ ನೋವು’ ಎಂಬ ಪ್ರಶ್ನೆಯೇ ಇದ್ದೀತು. ಆ ಪ್ರಶ್ನೆ ಇಲ್ಲದೆ ಮದ್ದು ಬರೆಯುವ ಅಭ್ಯಾಸ ನಮ್ಮ ಧ್ಯಾನಗಳಿಗೆ ಅಂಟಿಕೊಂಡಿದೆ. ನನಗೂ ಇತ್ತು. ಅದರಿಂದ ಏನಾಯಿತು ಎಂಬುದನ್ನು ನಿನಗೆ ಬರೆದು ತಿಳಿಸಬೇಕೆಂದೇ ಈ ರಾತ್ರಿ ಕುಳಿತಿದ್ದೇನೆ.

2003ರಲ್ಲಿ ನಾನು ಹಾಗರಳ ಬಗ್ಗೆ ಒಂದು ಧ್ಯಾನ ಬರೆದೆ. ಸತ್ಯವೇದದ ಆದಿಕಾಂಡದ 16ನೆಯ ಅಧ್ಯಾಯ. ಯಜಮಾನಿಯ ಕಾಟ ತಾಳಲಾರದೆ ಓಡಿಹೋದ ಬಸುರಿ ದಾಸಿ, ಅಡವಿಯಲ್ಲಿ ಶೂರಿನ ದಾರಿಯ ಬುಗ್ಗೆಯ ಬಳಿ ಕುಳಿತಿದ್ದಾಳೆ. ದೇವದೂತನು ಬರುತ್ತಾನೆ, ಹಿಂದಿರುಗಿ ಹೋಗಿ ಯಜಮಾನಿಗೆ ತಗ್ಗಿ ನಡೆ ಎನ್ನುತ್ತಾನೆ. ನಾನು ಆ ಮಾತನ್ನೇ ಹಿಡಿದುಕೊಂಡೆ. ತಾಳಿಕೊಳ್ಳುವ ಹೆಣ್ಣಿಗೆ ಆಶೀರ್ವಾದ ಕಾದಿದೆ, ಬಿಟ್ಟು ಓಡಬೇಡ ಎಂದು ಒಂದೂವರೆ ಪುಟ ಬರೆದೆ. ಚೆನ್ನಾಗಿದೆ ಎಂದು ಅನೇಕರು ಹೊಗಳಿದರು.

ನಾಲ್ಕು ತಿಂಗಳ ಮೇಲೆ ಒಂದು ಭಾನುವಾರ, ಆರಾಧನೆ ಮುಗಿದು ಜನ ಹೊರಗೆ ಹೋಗುತ್ತಿದ್ದಾಗ ಒಬ್ಬಳು ನನ್ನ ಬಳಿ ಬಂದಳು. ಬಲಗೈಯ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿತ್ತು. ಎಡಗೈಯಿಂದ ಕಷ್ಟಪಟ್ಟು ಪರ್ಸ್ ತೆರೆದು ನಾಲ್ಕಾಗಿ ಮಡಚಿದ ಕಾಗದ ತೆಗೆದಳು. ನನ್ನ ಧ್ಯಾನದ ಪುಟ. ಮಡಿಕೆಗಳಲ್ಲಿ ಅಕ್ಷರ ಸವೆದುಹೋಗಿತ್ತು. ‘ಅಕ್ಕಾ, ನಾನು ತವರಿಗೆ ಹೊರಟಿದ್ದೆ. ಇದನ್ನು ಓದಿ ವಾಪಸ್ ಹೋದೆ. ಇನ್ನೂ ಎಷ್ಟು ದಿನ ಅಂತ ಇದರಲ್ಲಿ ಬರೆದಿಲ್ಲ. ಅದನ್ನು ಕೇಳೋಣ ಅಂತ ಬಂದೆ’ ಎಂದಳು. ಅವಳ ಮಾತಿನಲ್ಲಿ ಸಿಟ್ಟು ಇರಲಿಲ್ಲ. ನಿಜವಾಗಿಯೂ ಉತ್ತರ ಕೇಳಲೆಂದೇ ಬಂದಿದ್ದಳು.

ನನ್ನ ಬಾಯಿಂದ ಮಾತು ಹೊರಡಲಿಲ್ಲ, ತಂಗಿ. ಅವಳನ್ನು ಮನೆಗೆ ಕರೆದುಕೊಂಡು ಬಂದೆ, ಗಂಜಿ ಬಡಿಸಿದೆ, ಎಡಗೈಯಲ್ಲಿ ಉಣ್ಣಲಾರಳೆಂದು ನಾನೇ ಉಣಿಸಿದೆ. ಮರುದಿನ ಅವಳನ್ನೂ ಇಬ್ಬರು ಮಕ್ಕಳನ್ನೂ ತವರಿಗೆ ಮುಟ್ಟಿಸಿದೆವು. ಮುಂದೆ ಅವಳು ಹೊಲಿಗೆ ಯಂತ್ರ ತೆಗೆದುಕೊಂಡಳು, ಮಕ್ಕಳನ್ನು ಓದಿಸಿದಳು. ಆ ಪುಟವನ್ನು ನಾನು ಅವಳಿಂದ ಕೇಳಿ ಪಡೆದುಕೊಂಡೆ. ಅದು ಇಂದಿಗೂ ನನ್ನ ಬೈಬಲಿನೊಳಗೆ ಅದೇ ಅಧ್ಯಾಯದಲ್ಲಿದೆ.

ಆ ವಾರ ಹಾಗರಳ ಕಥೆಯನ್ನು ಮೊದಲಿನಿಂದ ಓದಿದೆ. ನಾನು ಬಿಟ್ಟದ್ದು ಎಷ್ಟೆಂದು ಆಗ ಗೊತ್ತಾಯಿತು. ದೂತನ ಮೊದಲ ಮಾತು ಅಪ್ಪಣೆಯಲ್ಲ, ಪ್ರಶ್ನೆ: ಎಲ್ಲಿಂದ ಬಂದೆ, ಎಲ್ಲಿಗೆ ಹೋಗುತ್ತೀ? ಅದನ್ನು ಕೇಳುವಾಗ ಅವಳನ್ನು ಹೆಸರು ಹಿಡಿದೇ ಕರೆಯುತ್ತಾನೆ. ಆ ಅಧ್ಯಾಯದಲ್ಲಿ ಯಜಮಾನ ಅಬ್ರಾಮನಾಗಲಿ ಯಜಮಾನಿ ಸಾರಯಳಾಗಲಿ ಒಮ್ಮೆಯೂ ಅವಳ ಹೆಸರೆತ್ತುವುದಿಲ್ಲ, ಅವರ ಬಾಯಲ್ಲಿ ಅವಳು ಬರೀ ದಾಸಿ. ಆಮೇಲೆ ಅವಳು ದೇವರಿಗೇ ಒಂದು ಹೆಸರಿಡುತ್ತಾಳೆ, ನನ್ನನ್ನು ನೋಡುವ ದೇವರು ಎಂದು. ಇಡೀ ಸತ್ಯವೇದದಲ್ಲಿ ದೇವರಿಗೆ ಮೊದಲು ಹೆಸರಿಟ್ಟವಳು ಓಡಿಬಂದ ಒಬ್ಬ ಪರದೇಶಿ ದಾಸಿ! ಅಷ್ಟು ದೊಡ್ಡದನ್ನು ಬಿಟ್ಟು ನಾನು ‘ಹಿಂದಿರುಗು’ ಎಂಬುದೊಂದನ್ನೇ ಆರಿಸಿಕೊಂಡಿದ್ದೆ. ಇನ್ನು 21ನೆಯ ಅಧ್ಯಾಯ. ಬೇರ್ಷೆಬದ ಅಡವಿಯಲ್ಲಿ ತಿತ್ತಿಯ ನೀರು ಮುಗಿದಿದೆ, ಮಗ ಸಾಯುವುದನ್ನು ನೋಡಲಾರೆ ಎಂದು ಅವನನ್ನು ಗಿಡದ ಕೆಳಗೆ ಮಲಗಿಸಿ ದೂರ ಹೋಗಿ ಅಳುತ್ತಾಳೆ. ಅಲ್ಲಿಯೂ ದೇವರ ದೂತನು ಮೊದಲು ಕೇಳುತ್ತಾನೆ, ಹಾಗರಳೇ, ನಿನಗೇನಾಯಿತು ಎಂದು. ಈ ಸಲ ಹಿಂದಿರುಗು ಎನ್ನುವುದಿಲ್ಲ. ದೇವರು ಅವಳ ಕಣ್ಣು ತೆರೆಯುತ್ತಾನೆ, ಅವಳಿಗೆ ಬಾವಿ ಕಾಣುತ್ತದೆ. ಒಂದು ಕಾಲಕ್ಕೆ ಒಬ್ಬಳಿಗೆ ಹೇಳಿದ ಮಾತನ್ನು ಎಲ್ಲ ಕಾಲದ ಎಲ್ಲ ಹೆಂಗಸರ ಹೆಗಲಿಗೆ ಹೊರಿಸುವ ಹಕ್ಕು ನನಗೆ ಯಾರು ಕೊಟ್ಟಿದ್ದರು?

ಈಗ ನೋವು ಸಹಿಸುತ್ತಿರುವ ಹೆಂಡತಿಯ ಬಗ್ಗೆ ಬರೆದಾಗಲೆಲ್ಲ ಸತ್ಯವೇದದ ವಚನದ ಜೊತೆಗೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ವಿಷಯವನ್ನೂ ಬರೆಯುತ್ತೇನೆ. ಆ ಮನೆ ಅವಳ ಹೆಸರಿನಲ್ಲಿ ಇಲ್ಲದಿದ್ದರೂ ಅಲ್ಲಿ ವಾಸಿಸುವ ಹಕ್ಕು ಅವಳಿಗಿದೆ, ರಕ್ಷಣಾ ಆದೇಶ ಕೇಳಬಹುದು ಎಂಬುದನ್ನು ಸೇರಿಸುತ್ತೇನೆ. ಕೊನೆಯಲ್ಲಿ ಮಹಿಳಾ ಸಹಾಯವಾಣಿ 181. ಧ್ಯಾನದ ಪುಟದಲ್ಲಿ ಫೋನ್ ನಂಬರ್ ಏಕೆ ಎಂದು ಒಬ್ಬ ಹಿರಿಯರು ಕೇಳಿದರು. ಬಾವಿ ಎಲ್ಲಿದೆ ಎಂದು ತೋರಿಸುವುದೂ ದೇವರ ಕೆಲಸವೇ ಅಲ್ಲವೇ ಎಂದೆ. ನೀನೂ ಸಂಕೋಚವಿಲ್ಲದೆ ಬರೆ.

ಇಷ್ಟು ಹೇಳಿದ ಮೇಲೆ ನಿನ್ನ ಮಾರ್ಥಳ ಬರಹಕ್ಕೆ ಬರುತ್ತೇನೆ. ಅದು ನನಗೆ ಹಿಡಿಸಲಿಲ್ಲ. ಲೂಕನ ಸುವಾರ್ತೆಯ 10ನೆಯ ಅಧ್ಯಾಯವನ್ನು ತೆಗೆದುಕೊಂಡು, ಮಾರ್ಥಳಂತೆ ಅಡುಗೆಮನೆಯ ಗಡಿಬಿಡಿಯಲ್ಲಿ ಇರುವುದನ್ನು ಬಿಟ್ಟು ಅವಳ ಸಹೋದರಿ ಮರಿಯಳಂತೆ ಯೇಸುವಿನ ಪಾದದ ಬಳಿ ಕೂತುಕೊಳ್ಳಿ ಎಂದು ಬರೆದಿದ್ದೀಯ. ಬೆಳಗ್ಗೆ ನಾಲ್ಕೂವರೆಗೆ ಎದ್ದು ನೀರು ಹಿಡಿದು, ಮೂರು ಡಬ್ಬಿ ಕಟ್ಟಿ, ಹಾಸಿಗೆ ಹಿಡಿದ ಅತ್ತೆಯನ್ನು ಒರೆಸಿ ಬಟ್ಟೆ ಬದಲಿಸಿ, ಏಳೂಕಾಲರ ಬಸ್ಸಿಗೆ ಓಡುವವಳು ಅದನ್ನು ಓದಿದರೆ ಏನಾಗುತ್ತದೆ? ಅವಳ ಕೆಲಸ ಒಂದಿಷ್ಟೂ ಕಡಿಮೆಯಾಗುವುದಿಲ್ಲ, ಅದರ ಮೇಲೆ ಪ್ರಾರ್ಥನೆ ಸಾಲದು ಎಂಬ ಕೊರಗೂ ಸೇರುತ್ತದೆ. ಅವಳು ಬಸ್ಸಿನ ಕಂಬಿ ಹಿಡಿದು ನಿಂತು ಸುರತ್ಕಲ್ ದಾಟುವವರೆಗೆ ಕಣ್ಣು ಮುಚ್ಚಿಕೊಳ್ಳುತ್ತಾಳಲ್ಲ, ಅದನ್ನು ಕರ್ತನು ಪ್ರಾರ್ಥನೆ ಎಂದು ಎಣಿಸುವುದಿಲ್ಲವೇ?

ಮಾರ್ಥಳ ಬಗ್ಗೆ ಬರೆಯಲೇಬೇಕೆಂದಿದ್ದರೆ ಯೋಹಾನನ ಸುವಾರ್ತೆಯ 11ನೆಯ ಅಧ್ಯಾಯವನ್ನೂ ಓದಿ ಬರೆ. ತಮ್ಮ ಲಾಜರ ಸತ್ತು ನಾಲ್ಕು ದಿನ. ಯೇಸು ಬರುವ ಸುದ್ದಿ ಕೇಳಿ ಮರಿಯಳು ಮನೆಯಲ್ಲೇ ಕುಳಿತಿದ್ದಾಗ ಎದ್ದು ಊರ ಹೊರಗೆ ಹೋಗಿ ಎದುರುಗೊಂಡವಳು ಮಾರ್ಥಳೇ. ನೀನು ಇಲ್ಲಿದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಎಂದು ಕರ್ತನ ಮುಖಕ್ಕೇ ಹೇಳಿದವಳು ಅವಳು. ಅದೇ ಉಸಿರಿನಲ್ಲಿ, ನೀನೇ ಕ್ರಿಸ್ತನು, ದೇವಕುಮಾರನು ಎಂದು ಅರಿಕೆ ಮಾಡಿದವಳೂ ಅವಳೇ. ಶಿಷ್ಯನಾದ ಪೇತ್ರನು ಮಾಡಿದ ಇಂಥದ್ದೇ ಅರಿಕೆಯ ಮೇಲೆ ನಾವು ಕೇಳಿದ ಪ್ರಸಂಗಗಳಿಗೆ ಲೆಕ್ಕವಿಲ್ಲ. ಈ ಅಡುಗೆಮನೆಯ ಹೆಂಗಸಿನ ಅರಿಕೆಯ ಮೇಲೆ ಎಷ್ಟು ಕೇಳಿದ್ದೀಯ? ದೂರನ್ನೂ ನಂಬಿಕೆಯನ್ನೂ ಒಟ್ಟಿಗೆ ಹೇಳಬಲ್ಲವಳು ಮಾರ್ಥ. ನಮ್ಮ ಹೆಂಗಸರಿಗೆ ಆ ಮಾರ್ಥಳನ್ನು ಪರಿಚಯಿಸು.

ಇನ್ನು ಆ ಜಗಲಿಯ ಓದು. ಪಕ್ಕದ ಮನೆಯವಳು ಬೀಡಿ ಕಟ್ಟುತ್ತಾಳೆ. ಮಧ್ಯಾಹ್ನ ಇನ್ನಿಬ್ಬರು ಬಂದು ಸೇರುತ್ತಾರೆ, ಅವರಲ್ಲಿ ಒಬ್ಬಳು ಕೊಂಕಣಿ ಮಾತನಾಡುವ ಕಥೋಲಿಕಳು. ಮಡಿಲಲ್ಲಿ ತಡ್ಪೆ ಎಂಬ ಮೊರ, ಅದರಲ್ಲಿ ನೆನೆಸಿ ಅಳತೆಗೆ ಕತ್ತರಿಸಿದ ಎಲೆ, ಹೊಗೆಸೊಪ್ಪಿನ ಪುಡಿ. ಎಲೆ ಎತ್ತಿ, ಪುಡಿ ಹರಡಿ, ಸುರುಳಿ ಸುತ್ತಿ, ತುದಿ ಮಡಚಿ, ನೂಲು ಬಿಗಿದು ಬೀಡಿ ಪಕ್ಕಕ್ಕೆ ಇಡುವಷ್ಟರಲ್ಲಿ ಮುಂದಿನ ಎಲೆ ಕೈಗೆ ಬಂದಿರುತ್ತದೆ. ಸಂಜೆ ಎಣಿಸಿ ಕೊಡಬೇಕಾದ ಲೆಕ್ಕ ಇರುವುದರಿಂದ ಆ ಕೈಗಳು ನಿಲ್ಲುವಂತಿಲ್ಲ. ನಾನು ಏನೇ ಬರೆದರೂ ಅಚ್ಚಿಗೆ ಕೊಡುವ ಮೊದಲು ಅಲ್ಲಿ ಕುಳಿತು ಓದುತ್ತೇನೆ, ಓದುತ್ತಾ ಅವರ ಕೈಗಳನ್ನು ನೋಡುತ್ತೇನೆ. ‘ಜಯಕರ ಜೀವಿತ’, ‘ಆತ್ಮಿಕ ಬಲವರ್ಧನೆ’, ‘ಶೋಧನೆಯ ಕುಲುಮೆ’ ಎಂದು ನೀನು ಬರೆದಲ್ಲೆಲ್ಲ ಕೈಗಳು ಅದೇ ವೇಗದಲ್ಲಿ ಓಡುತ್ತಿದ್ದವು. ನರ್ಸಿನ ಚಪ್ಪಲಿ ಬಂದಾಗ ಮೂರು ಜೊತೆ ಕೈಗಳೂ ನಿಂತವು. ಕಥೋಲಿಕ ಹೆಂಗಸು, ಅವಳಿಗೆ ಮಕ್ಕಳಿದ್ದಾರೆಯೇ ಎಂದು ಕೇಳಿದಳು. ನಿನ್ನ ಬರಹದಲ್ಲಿ ಅದಕ್ಕೆ ಉತ್ತರ ಇರಲಿಲ್ಲ.

ಭಾಷೆಯ ಬಗ್ಗೆಯೂ ನಿನಗೆ ಹೇಳಬೇಕಾದದ್ದಿದೆ. ನಮ್ಮ ಸಭೆಗಳ ಕನ್ನಡಕ್ಕೆ ದೊಡ್ಡ ಮನೆತನವಿದೆ. 1834ರಲ್ಲಿ ಬಾಸೆಲ್ ಮಿಷನಿನವರು ಈ ದಡಕ್ಕೆ ಬಂದರು, 1841ರಲ್ಲಿ ಅಚ್ಚುಕೂಟ ಹಾಕಿದರು, 1843ರಲ್ಲಿ ಅವರಲ್ಲೊಬ್ಬರಾದ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದರು, 1894ರಲ್ಲಿ ಕಿಟೆಲರ ನಿಘಂಟು ಅದೇ ಅಚ್ಚುಕೂಟದಿಂದ ಹೊರಬಂತು. ಆ ನಿಘಂಟನ್ನು ಒಮ್ಮೆ ತೆರೆದು ನೋಡು. ಹಳಗನ್ನಡದ ಕವಿಗಳ ಮಾತಿನ ಪಕ್ಕದಲ್ಲೇ ಜನರ ಬಾಯಿಂದ ಬಂದ ಗಾದೆಗಳಿವೆ. ಹೊರಗಿನಿಂದ ಬಂದವರು ಅಷ್ಟು ಕಿವಿಗೊಟ್ಟು ಕೇಳಿದರು. ಇಲ್ಲಿಯೇ ಹುಟ್ಟಿದ ನಾವು ಕೂಟದಲ್ಲಿ ಬಾಯಿಪಾಠವಾದ ಹತ್ತು ಪದಗಳನ್ನೇ ತಿರುಗಿಸಿ ಮುರುಗಿಸಿ ಬರೆಯುತ್ತಿದ್ದರೆ ನನಗೆ ಬೇಸರವಾಗುತ್ತದೆ. ಕೃಪೆ, ರಕ್ಷಣೆ, ಸಾಕ್ಷಿ ಇವುಗಳನ್ನು ಬಿಡು ಎನ್ನುತ್ತಿಲ್ಲ, ಅವು ನಮ್ಮ ಜೀವದ ಪದಗಳು. ಹೇಳಬೇಕಾದದ್ದು ಏನೂ ಇಲ್ಲದಾಗ ಅವುಗಳನ್ನು ತುಂಬಬೇಡ.

ಮನೆಯಲ್ಲಿ ತುಳುವಿನಲ್ಲೋ ಕೊಂಕಣಿಯಲ್ಲೋ ಅಳುವವರು ನಮ್ಮ ಓದುಗರು. ಚರ್ಚಿನಲ್ಲಿ ಕನ್ನಡದಲ್ಲಿ ಹಾಡುತ್ತಾರೆ, ಸಂಕಟ ಬಂದಾಗ ಬಾಯಿಗೆ ಬರುವುದು ತಾಯಿಮಾತು. ಬೀಡಿ ಕಟ್ಟುವ ನನ್ನ ನೆರೆಯವಳ ಮಗ ಗಲ್ಫಿನಲ್ಲಿದ್ದಾನೆ. ಎರಡು ತಿಂಗಳು ಅವನ ಫೋನೇ ಬರಲಿಲ್ಲ. ಒಂದು ಸಂಜೆ ನಾನು ಅವಳ ಜೊತೆ ಪ್ರಾರ್ಥನೆಗೆ ಕುಳಿತೆ. ಏನು ಹೇಳುತ್ತಾಳೋ ಎಂದು ಕಾದೆ. ಬಹಳ ಹೊತ್ತಿನ ಮೇಲೆ ‘ದೇವೆರೆ, ತೂಲೆ’ ಎಂದಳು. ದೇವರೇ, ನೋಡಿ. ಅಷ್ಟೇ. ಆಮೆನ್ ಕೂಡ ಹೇಳಲಿಲ್ಲ. ಹಾಗರಳು ದೇವರಿಗೆ ಇಟ್ಟ ಹೆಸರನ್ನು ಇವಳು ತುಳುವಿನಲ್ಲಿ ಕೂಗಿ ಕರೆದಳಲ್ಲ ಎಂದು ನನ್ನ ಮೈ ಜುಮ್ಮೆಂದಿತು. ನಾನು ಸಿದ್ಧಪಡಿಸಿಕೊಂಡು ಹೋಗಿದ್ದ ಉದ್ದನೆಯ ಪ್ರಾರ್ಥನೆಯನ್ನು ಮಾಡಲಿಲ್ಲ.

ಮಾರ್ಕನ ಸುವಾರ್ತೆಯ 5ನೆಯ ಅಧ್ಯಾಯವನ್ನು ಬರೆಯುವ ಪ್ರತಿಸಲ ಓದಿಕೋ ಎನ್ನುತ್ತೇನೆ. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದವಳು, ಇದ್ದದ್ದನ್ನೆಲ್ಲ ವೈದ್ಯರಿಗೆ ಸುರಿದವಳು. ಯೇಸುವಿನ ಉಡುಪು ಮುಟ್ಟಿದ ಕೂಡಲೇ ವಾಸಿಯಾಯಿತು. ಯೇಸು ಮುಂದೆ ನಡೆದಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ, ಅವನು ನೋಡಲು ಹೊರಟಿದ್ದ ಯಾಯೀರನ ಮಗಳು ಸಾವಿನ ಬಾಗಿಲಲ್ಲಿದ್ದಳು. ಆದರೂ ನಿಂತನು. ಮುಟ್ಟಿದವರು ಯಾರೆಂದು ಕೇಳಿದನು. ಅವಳು ನಡುಗುತ್ತಾ ಬಂದು ನಡೆದದ್ದೆಲ್ಲವನ್ನೂ ಹೇಳುವವರೆಗೆ ಕೇಳಿಸಿಕೊಂಡನು. ಹನ್ನೆರಡು ವರ್ಷದ ಕಥೆ ಎಷ್ಟು ಹೊತ್ತು ಹಿಡಿದೀತು ಯೋಚಿಸು! ಅಷ್ಟರಲ್ಲಿ ಆ ಹುಡುಗಿ ತೀರಿಕೊಂಡಳೆಂಬ ಸುದ್ದಿಯೂ ಬಂತು. ‘ಮಗಳೇ’ ಎಂದು ಅವಳನ್ನು ಕರೆದದ್ದು ಅವಳ ಮಾತು ಪೂರ್ತಿ ಮುಗಿದ ಮೇಲೆ. ನಿನ್ನ ಬರಹದಲ್ಲಿಯೂ ಆ ಕ್ರಮ ಇರಲಿ.

ಉಳಿದವು ಸಣ್ಣ ಸಂಗತಿಗಳು. ವಚನದ ಅಂಕಿಗಳನ್ನು ಮತ್ತೊಮ್ಮೆ ತಾಳೆ ನೋಡು, ಎರಡು ಕಡೆ ತಪ್ಪಿವೆ. ಯಾರ ಮನೆಯ ಕಥೆಯನ್ನಾದರೂ ಬರೆಯುವ ಮೊದಲು ಅವಳನ್ನು ಕೇಳು, ಒಪ್ಪದಿದ್ದರೆ ಬಿಟ್ಟುಬಿಡು.

ಮುಂದಿನ ಶನಿವಾರ ನಿನಗೆ ರಜೆ ಎಂದು ಬರೆದಿದ್ದೀಯ. ಬೆಳಗ್ಗಿನ ಬಸ್ಸಿಗೆ ಹೊರಟು ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಇಳಿದು ಜೆಪ್ಪು ಬಸ್ಸು ಹತ್ತು. ನರ್ಸಿನ ಬರಹವನ್ನು ತಿದ್ದಿ ತಾ. ಈ ಸಲ ಜಗಲಿಯಲ್ಲಿ ನೀನೇ ಓದಬೇಕು, ನಾನು ಎಲೆ ಕತ್ತರಿಸಿ ಕೊಡುತ್ತಾ ಕುಳಿತಿರುತ್ತೇನೆ. ಅವಳಿಗೆ ಮಕ್ಕಳಿದ್ದಾರೆಯೇ ಎಂದು ತಿಳಿದುಕೊಂಡು ಬಾ, ಆ ಕಥೋಲಿಕ ಹೆಂಗಸು ಎರಡು ಸಲ ಕೇಳಿಯಾಯಿತು. ಪತ್ರೊಡೆ ಮಾಡಿರುತ್ತೇನೆ. ಕೊಡೆ ಮರೆಯಬೇಡ, ನಮ್ಮ ಓಣಿಯಲ್ಲಿ ಮೊಣಕಾಲಿನವರೆಗೆ ನೀರು ನಿಂತಿದೆ.

ಕರ್ತನಲ್ಲಿ,
ನಿನ್ನ ಅಕ್ಕ