ಸ್ಕ್ರೂ ಸಡಿಲಿಸಿಕೊಟ್ಟವರಿಗೆ

ಕರಾವಳಿಯಿಂದ ಮರುಭೂಮಿಯ ಊರಿಗೆ ಹೊರಟ ಮೇಜನ್ನು ಮಗುಚಿ, ಚೌಕಟ್ಟಿನ ಸ್ಕ್ರೂ ತೂತುಗಳನ್ನು ಹಲಗೆಯ ಎಳೆಗೆ ಅಡ್ಡಲಾಗಿ ಅಗಲಿಸಿಕೊಟ್ಟು, ಹೆಸರೂ ಹೇಳದೆ ಹೋದ ಬಡಗಿಯವರೇ, ನಿಮಗೆ ದೊಡ್ಡ ನಮಸ್ಕಾರ. ತೇವ ಕುಡಿದ ಮರ ಒಣಹವೆಯಲ್ಲಿ ಕುಗ್ಗುವುದು ಅಗಲಕ್ಕೆ. ಉದ್ದಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ಸ್ಕ್ರೂ ಬಿಗಿಯಾಗಿದ್ದರೆ ಹಲಗೆಗೆ ಸರಿಯಲು ಜಾಗವಿಲ್ಲ, ಸೀಳುತ್ತದೆ. ವಾಷರ್ ಹಾಕಿ, ಅಲುಗಾಡದಷ್ಟು ತಿರುಗಿಸಿದರೆ ಸಾಕು. ಹಲಗೆಗೂ ಚೌಕಟ್ಟಿಗೂ ನಡುವೆ ಅಂಟು ಬಳಿಯುವುದಂತೂ ಬೇಡವೇ ಬೇಡ.

ನೀರು ಆರಿಸಿ ಗಾಳಿಯನ್ನು ತಂಪಾಗಿಸುವ ಕೂಲರ್ ಬಗ್ಗೆ ನೀವು ಹೇಳಿದ್ದೂ ಸರಿ: ಕರಾವಳಿಯಲ್ಲಿ ದಂಡ, ಒಣಗಾಳಿಯಲ್ಲಿ ಅದೇ ರಾಜ. ಆದರೆ ಎದುರಿನ ಕಿಟಕಿ ನಾಲ್ಕು ಬೆರಳು ತೆರೆದಿರಬೇಕು, ಇಲ್ಲವಾದರೆ ಕೋಣೆಯೊಳಗೇ ಮತ್ತೆ ಕರಾವಳಿಯ ಸೆಕೆ! ಗಡಸು ನೀರಾದರೆ ಕೂಲರಿನ ಒದ್ದೆ ಪ್ಯಾಡಿಗೆ ಸುಣ್ಣ ಕಟ್ಟುತ್ತದೆ. ತೊಟ್ಟಿಯ ನೀರನ್ನು ಆಗಾಗ ಪೂರ್ತಿ ಚೆಲ್ಲಬೇಕು. ಮೇಜನ್ನು ಕೂಲರಿನ ಗಾಳಿಗೆ ನೇರ ಇಡಬಾರದು.