ವರದಿಗಳಲ್ಲಿ ಪದಗಳ ಹೊರೆ ಇಳಿಯಲಿ

ಮಾನ್ಯ ಸಂಪಾದಕರೇ,

ಮುಂಬೈಯ ಕನ್ನಡ ಸಂಘ ಸಂಸ್ಥೆಗಳ ವರದಿ, ಕರೆಯೋಲೆ, ಪ್ರಕಟಣೆಗಳಿಗೆ ತಮ್ಮ ಪತ್ರಿಕೆ ದಿನವೂ ಸಾಕಷ್ಟು ಜಾಗ ಕೊಡುತ್ತಿದೆ. ಊರು ಬಿಟ್ಟು ಬಂದ ನಮ್ಮಂಥವರಿಗೆ ಇದು ದೊಡ್ಡ ಉಪಕಾರ. ಆ ಜಾಗದಲ್ಲಿ ಅಚ್ಚಾಗುವ ಕನ್ನಡದ ಬಗ್ಗೆ, ಅದರಲ್ಲೂ ಒಂದು ಪದದಲ್ಲಿ ಮುಗಿಯುವ ಅರ್ಥಕ್ಕೆ ಎರಡು ಮೂರು ಪದ ಹೂಡುವ ಅಭ್ಯಾಸದ ಬಗ್ಗೆ, ತಮ್ಮ ಗಮನ ಸೆಳೆಯಲು ಈ ಪತ್ರ ಬರೆಯುತ್ತಿದ್ದೇನೆ.

ಮಾಟುಂಗಾದಿಂದ ಡೊಂಬಿವಲಿಯವರೆಗೆ ಯಾವ ಸಂಘದ ವರದಿಯನ್ನು ತೆಗೆದುಕೊಂಡರೂ ಸುಮಾರಾಗಿ ಹೀಗೊಂದು ವಾಕ್ಯ ಸಿಗುತ್ತದೆ: ‘ಕಳೆದ ಭಾನುವಾರದ ದಿನದಂದು ಸಂಜೆಯ ವೇಳೆಯಲ್ಲಿ ಸಂಘದ ಸಭಾಗೃಹದಲ್ಲಿ ಜರಗಿದಂತಹ ಸಮಾರಂಭದ ಕಾರ್ಯಕ್ರಮದಲ್ಲಿ ಮುಖ್ಯ ಅತಿಥಿಗಳಾಗಿ ಆಗಮಿಸಿದಂತಹ ಗಣ್ಯರು ದೀಪ ಬೆಳಗಿಸುವುದರ ಮೂಲಕ ಕಾರ್ಯಕ್ರಮದ ಉದ್ಘಾಟನೆಯನ್ನು ನೆರವೇರಿಸಿದರು.’ ಇದರಲ್ಲಿ 20 ಪದಗಳಿವೆ. ‘ಕಳೆದ ಭಾನುವಾರ ಸಂಜೆ ಸಂಘದ ಸಭಾಗೃಹದಲ್ಲಿ ನಡೆದ ಸಮಾರಂಭವನ್ನು ಮುಖ್ಯ ಅತಿಥಿಗಳು ದೀಪ ಬೆಳಗಿಸಿ ಉದ್ಘಾಟಿಸಿದರು’ ಎಂದು ಬರೆದರೆ 12 ಪದ ಸಾಕು, ಒಂದು ಸಂಗತಿಯೂ ಬಿಟ್ಟುಹೋಗುವುದಿಲ್ಲ. ಭಾನುವಾರ ಎಂದ ಮೇಲೆ ದಿನ ಎನ್ನಬೇಕಾಗಿಲ್ಲ. ಸಂಜೆ ಎಂದರೆ ವೇಳೆಯೇ. ಸಮಾರಂಭ ಎಂದರೆ ಕಾರ್ಯಕ್ರಮವೇ.

ಇವೆಲ್ಲಕ್ಕಿಂತ ಹೆಚ್ಚು ಹಬ್ಬಿರುವುದು ‘ಅಂತಹ’ ಎಂಬ ಬಾಲ. ‘ಬಂದ ಅತಿಥಿಗಳು’ ಎನ್ನುವಲ್ಲಿ ‘ಬಂದಿರತಕ್ಕಂತಹ ಅತಿಥಿಗಳು’, ‘ಅಧ್ಯಕ್ಷರಾದ’ ಎನ್ನುವಲ್ಲಿ ‘ಅಧ್ಯಕ್ಷರಾದಂತಹ’ ಎಂಬ ರೂಪಗಳು ಮೊದಲು ವೇದಿಕೆಯ ಭಾಷಣಗಳಲ್ಲಿದ್ದವು. ಈಗ ಟಿವಿ ವರದಿಗಾರರು ‘ಘಟನೆ ನಡೆದಿರುವಂಥದ್ದು’, ‘ಸಚಿವರು ಹೇಳಿಕೆಯನ್ನು ಕೊಟ್ಟಿರುವಂಥದ್ದು’ ಎಂದು ಇಡೀ ಸುದ್ದಿಯನ್ನು ಕ್ರಿಯಾಪದವಿಲ್ಲದೆ ಮುಗಿಸುತ್ತಾರೆ. ಕ್ಯಾಮೆರಾದ ಮುಂದೆ ನಿಂತು ಮುಂದಿನ ಮಾತನ್ನು ಹುಡುಕುತ್ತಿರುವವರಿಗೆ ಈ ಬಾಲ ಒಂದು ಕ್ಷಣದ ಬಿಡುವು ಕೊಡುತ್ತದೆ; ಆದ್ದರಿಂದ ಮಾತಿನಲ್ಲಿ ಅದು ನುಸುಳುವುದನ್ನು ನಾನು ಕ್ಷಮಿಸಬಲ್ಲೆ. ಆದರೆ ಬರೆಯುವವರಿಗೆ ಯೋಚಿಸಲು ಬೇಕಾದಷ್ಟು ಸಮಯವಿದೆ, ಬರೆದದ್ದನ್ನು ಹೊಡೆದುಹಾಕಲು ಕೈಯಲ್ಲಿ ಪೆನ್ನೂ ಇದೆ. ಹಾಗಿದ್ದೂ ವರದಿಗಳಲ್ಲಿ ಅದೇ ಬಾಲ ಅಚ್ಚಾಗುತ್ತಿರುವುದು ನನಗೆ ನಿಜವಾಗಿ ನೋವು ತರುತ್ತದೆ.

ಕನ್ನಡ ಸ್ವಭಾವತಃ ಮಿತವಾಗಿ ನುಡಿಯಬಲ್ಲ ಭಾಷೆ. ‘ಬಂದಳು’ ಎಂಬ ಒಂದೇ ಪದ ಬಂದದ್ದು ಹೆಣ್ಣು, ಸಂಖ್ಯೆ ಒಂದು, ಬಂದದ್ದು ಆಗಿಹೋಗಿದೆ ಎಂಬ ಮೂರನ್ನೂ ಹೇಳುತ್ತದೆ. ‘ನಾನು’ ಎನ್ನದೆಯೇ ‘ಹೋಗಿದ್ದೆ’ ಎನ್ನಬಹುದು. ‘ಪುಸ್ತಕ ಓದಿದೆ’ ಎಂದರೆ ಸಾಕು, ‘ಪುಸ್ತಕವನ್ನು’ ಎನ್ನಲೇಬೇಕೆಂಬ ಕಟ್ಟಳೆಯಿಲ್ಲ. ‘ಅವರೂ’ ಎಂಬಲ್ಲಿಯ ಒಂದು ದೀರ್ಘವೇ ‘ಸಹ’ ಎಂಬ ಅರ್ಥವನ್ನು ಹೊತ್ತಿದೆ. ಇಷ್ಟು ಅನುಕೂಲವಿರುವ ಭಾಷೆಯಲ್ಲಿ ನಾವು ‘ಅವರೂ ಕೂಡ ಸಹ’, ‘ಆದರೂ ಕೂಡ’, ‘ಪುನಃ ಮತ್ತೊಮ್ಮೆ’, ‘ಪರಸ್ಪರ ಒಬ್ಬರಿಗೊಬ್ಬರು’ ಎಂದು ಬರೆಯುತ್ತೇವೆ. ‘ಚರ್ಚಿಸಿದರು’ ಎಂಬುದನ್ನು ‘ಚರ್ಚೆಯನ್ನು ನಡೆಸಿದರು’ ಎಂದೂ, ‘ಸ್ವಾಗತಿಸಿದರು’ ಎಂಬುದನ್ನು ‘ಸ್ವಾಗತ ಕೋರುವ ಕಾರ್ಯವನ್ನು ನಿರ್ವಹಿಸಿದರು’ ಎಂದೂ ಹಿಗ್ಗಿಸುತ್ತೇವೆ.

ಎಟಿಎಂ ಮಷಿನ್, ಪಿನ್ ನಂಬರ್, ಗೇಟು ಬಾಗಿಲು ಮುಂತಾದವುಗಳ ಮೇಲೆ ನನಗೆ ದೂರಿಲ್ಲ. ಹೊರಗಿನಿಂದ ಬಂದ ಪದದ ಪಕ್ಕದಲ್ಲಿ ಗೊತ್ತಿರುವ ಪದವೊಂದನ್ನು ನಿಲ್ಲಿಸುವುದರಿಂದ ಕೇಳುವವರಿಗೆ ಸಹಾಯವಾಗುತ್ತದೆ.

ಎರಡು ಬಾರಿ ಹೇಳಿದ್ದೆಲ್ಲ ತಪ್ಪು ಎಂದೂ ನನ್ನ ವಾದವಲ್ಲ. ಬೇಗ ಬೇಗ, ಮನೆ ಮನೆ, ಹಣ್ಣುಹಂಪಲು, ಕಸಕಡ್ಡಿ, ಊಟ ಗೀಟ ಇವು ಕನ್ನಡದ ಜೀವಾಳ. ‘ಮನೆ ಮನೆಗೆ ಹೋದರು’ ಎಂದರೆ ಒಂದು ಮನೆಯನ್ನೂ ಬಿಡಲಿಲ್ಲ ಎಂದರ್ಥ. ಎರಡನೆಯ ‘ಮನೆ’ ತೆಗೆದರೆ ಅರ್ಥವೇ ಬೇರೆಯಾಗುತ್ತದೆ. ನಮ್ಮ ಹಳೆಯ ಲಾಕ್ಷಣಿಕರಿಗೂ ಈ ವಿವೇಕವಿತ್ತು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ಕ್ಕೆ ಆಧಾರವಾದ ದಂಡಿಯ ಸಂಸ್ಕೃತ ಗ್ರಂಥ ‘ಕಾವ್ಯಾದರ್ಶ’ವು, ಹೇಳಿದ್ದನ್ನೇ ವಿಶೇಷವಿಲ್ಲದೆ ಮತ್ತೆ ಹೇಳುವ ‘ಏಕಾರ್ಥ’ವನ್ನು ಕಾವ್ಯದ ಹತ್ತು ದೋಷಗಳಲ್ಲಿ ಒಂದಾಗಿ ಎಣಿಸಿದೆ; ಜೊತೆಗೇ, ಮರುಕದಂಥ ಭಾವದ ತೀವ್ರತೆಯನ್ನು ಹೇಳಬೇಕಾದಾಗ ಪುನರುಕ್ತಿ ದೋಷವಲ್ಲ, ಅಲಂಕಾರವೇ ಎಂದೂ ಹೇಳಿದೆ. ಸಾವಿನ ಮನೆಯಲ್ಲಿ ‘ಪಾಪ, ಪಾಪ’ ಎನ್ನುವುದಕ್ಕೂ ‘ಪುನಃ ಮತ್ತೊಮ್ಮೆ’ ಎಂದು ಬರೆಯುವುದಕ್ಕೂ ಇರುವ ವ್ಯತ್ಯಾಸ ಇದೇ.

ಇಷ್ಟು ಪದಗಳನ್ನು ಬಳಸುವುದು ಹಿರಿಯರಿಗೆ ಸಲ್ಲಿಸುವ ಗೌರವವೆಂದು ಕೆಲವು ಕಾರ್ಯದರ್ಶಿಗಳು ಹೇಳುತ್ತಾರೆ. ದಾನಿಗಳ, ಹಿರಿಯ ಸದಸ್ಯರ ಹೆಸರುಗಳನ್ನು ಬಿಡದೆ ಬರೆಯಬೇಕೆಂಬುದನ್ನು ನಾನೂ ಒಪ್ಪುತ್ತೇನೆ, ಏಕೆಂದರೆ ಪ್ರತಿ ಹೆಸರೂ ಒಂದು ಸಂಗತಿ. ಆದರೆ ಗೌರವವನ್ನು ‘ಬಂದರು’, ‘ಹೇಳಿದರು’ ಎಂಬ ಬಹುವಚನವೇ ತೋರಿಸುತ್ತದೆ. ಒಂದೇ ಹೆಸರಿಗೆ ಮಾನ್ಯ, ಗೌರವಾನ್ವಿತ, ಶ್ರೀಯುತ ಎಂಬ ಮೂರನ್ನೂ ಕಟ್ಟುವುದರಿಂದ ಆ ಗೌರವ ಮೂರು ಪಾಲು ಆಗುವುದಿಲ್ಲ.

ಪದಗಳ ಹೊರೆಯಿಂದ ಕೇವಲ ಅಂದ ಕೆಡುವುದಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಅದರ ಕೆಳಗೆ ಹೊಣೆಗಾರಿಕೆಯೂ ಮುಚ್ಚಿಹೋಗುತ್ತದೆ. ‘ಸದಸ್ಯತ್ವ ಶುಲ್ಕವನ್ನು ಹೆಚ್ಚಳ ಮಾಡುವ ಕುರಿತಾಗಿ ನಿರ್ಧಾರವನ್ನು ಕೈಗೊಳ್ಳಲಾಗಿರುತ್ತದೆ’ ಎಂಬ ಪ್ರಕಟಣೆಯಲ್ಲಿ ನಿರ್ಧರಿಸಿದವರು ಯಾರು, ಮಹಾಸಭೆಯೋ ಕಾರ್ಯಕಾರಿ ಸಮಿತಿಯೋ, ಹೆಚ್ಚಿಸಿದ್ದು ಎಷ್ಟು ಎಂಬುದು ಸದಸ್ಯರಿಗೆ ತಿಳಿಯುವುದೇ ಇಲ್ಲ. ‘ಕಾರ್ಯಕಾರಿ ಸಮಿತಿ ಶುಲ್ಕ ಹೆಚ್ಚಿಸಿದೆ’ ಎಂದು ನೇರವಾಗಿ ಬರೆದಾಗ ಮಾತ್ರ ಎಷ್ಟು, ಏಕೆ ಎಂದು ಕೇಳಲು ಸದಸ್ಯರಿಗೆ ದಾರಿಯಾಗುತ್ತದೆ.

ಮುಂಬೈಯಲ್ಲಿ ಇದು ಊರಿನಲ್ಲಿಗಿಂತ ಹೆಚ್ಚು ಮುಖ್ಯವಾಗಲು ಇನ್ನೊಂದು ಕಾರಣವಿದೆ. ಇಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಕಡಿಮೆಯಾಗುತ್ತ ಬಂದಿವೆ. ನಮ್ಮ ಮಕ್ಕಳು, ಮೊಮ್ಮಕ್ಕಳು ಇಂಗ್ಲಿಷ್ ಅಥವಾ ಮರಾಠಿಯಲ್ಲಿ ಓದುತ್ತಾರೆ. ಮನೆಯಲ್ಲೋ ಸಂಘದ ಕನ್ನಡ ತರಗತಿಯಲ್ಲೋ ಅಕ್ಷರ ಕಲಿತ ಮಗುವಿನ ಕೈಗೆ ಮೊದಲು ಸಿಗುವ ಕನ್ನಡ ಬರಹ ಎಂದರೆ ಮನೆಗೆ ಬರುವ ಪತ್ರಿಕೆ, ಮದುವೆಯ ಮತ್ತು ಯಕ್ಷಗಾನದ ಕರೆಯೋಲೆ. ಅದೇ ಮಗು ಲೋಕಲ್ ಟ್ರೈನಿನಲ್ಲಿ ‘ಪುಢೀಲ್ ಸ್ಟೇಷನ್ ದಾದರ್’ (ಮುಂದಿನ ನಿಲ್ದಾಣ ದಾದರ್) ಎಂಬ ಮೂರು ಪದದ ಮರಾಠಿಯನ್ನು ದಿನವೂ ಕೇಳಿ ತಟ್ಟನೆ ಅರ್ಥ ಮಾಡಿಕೊಳ್ಳುತ್ತದೆ. ಮನೆಗೆ ಬಂದು ‘ಜರಗಿದಂತಹ ಸಮಾರಂಭದ ಕಾರ್ಯಕ್ರಮದಲ್ಲಿ’ ಎಂದು ಕೂಡಿಸಿ ಓದುವಾಗ ವಾಕ್ಯದ ತುದಿ ಮುಟ್ಟುವ ಮೊದಲೇ ಅದಕ್ಕೆ ವಾಕ್ಯದ ಆರಂಭ ಮರೆತಿರುತ್ತದೆ. ಕನ್ನಡ ಕಷ್ಟ ಎಂದು ಆ ಮಗು ಹೇಳಿದರೆ ತಪ್ಪು ಅದರದ್ದಲ್ಲ.

ಈ ನಗರದ ಕನ್ನಡಿಗರಿಗೆ ಚುಟುಕಾಗಿ ಬರೆಯುವುದು ಹೊಸದೂ ಅಲ್ಲ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದು ಬರಹ ಕಲಿತ ಕರಾವಳಿಯ ಹುಡುಗರು ಊರಿಗೆ ಮನಿಆರ್ಡರ್ ಕಳಿಸುವಾಗ ಫಾರಂನ ಕೂಪನ್‌ನಲ್ಲಿದ್ದ ಅಂಗೈ ಅಗಲದ ಜಾಗದಲ್ಲಿ ‘ಕ್ಷೇಮ. ಅಮ್ಮನಿಗೆ ಮದ್ದು ತನ್ನಿ. ಮಳೆಗೆ ಮೊದಲು ಬರುತ್ತೇನೆ’ ಎಂಬಂತೆ ಬರೆದು, ಹೇಳಬೇಕಾದದ್ದನ್ನೆಲ್ಲ ಹೇಳುತ್ತಿದ್ದರು. ಇಂದಿನ ಹಲವು ಸಂಘಗಳನ್ನು ಕಟ್ಟಿ ಬೆಳೆಸಿದವರಲ್ಲಿ ಅವರೂ ಇದ್ದಾರೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟು. ಸಂಘಗಳಿಂದ ಬಂದ ವರದಿಯನ್ನು ಬಂದ ಹಾಗೆಯೇ ಅಚ್ಚು ಮಾಡಬೇಡಿ. ಹೆಸರು, ಸ್ಥಳ, ಸಮಯ ಉಳಿಸಿಕೊಂಡು ಮಿಕ್ಕದ್ದನ್ನು ಸಂಕೋಚವಿಲ್ಲದೆ ಕತ್ತರಿಸಿ. ಕಲೀನಾದಲ್ಲಿರುವ ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗವು ಸಂಘಗಳ ಕಾರ್ಯದರ್ಶಿಗಳಿಗಾಗಿ ವರದಿ ಬರೆಯುವ ಕಮ್ಮಟವೊಂದನ್ನು ನಡೆಸಿದರೆ ಇನ್ನೂ ಒಳ್ಳೆಯದು. ತಮ್ಮ ಉಪಸಂಪಾದಕರು ಅದರಲ್ಲಿ ಪಾಠ ಹೇಳಬಹುದು. ಕತ್ತರಿಸಿದ್ದರಿಂದ ಉಳಿಯುವ ಜಾಗಕ್ಕೂ ಕೆಲಸವಿದೆ. ನಮ್ಮ ವರದಿಗಳಲ್ಲಿ ಉಪನ್ಯಾಸಕರನ್ನು ಸ್ವಾಗತಿಸಿದವರು, ಹಾರ ಹಾಕಿದವರು, ವಂದಿಸಿದವರು ಎಲ್ಲರೂ ಇರುತ್ತಾರೆ, ಆದರೆ ಉಪನ್ಯಾಸಕರು ಏನು ಹೇಳಿದರು ಎಂಬುದು ಹೆಚ್ಚಾಗಿ ಇರುವುದಿಲ್ಲ. ಕಾರ್ಯದರ್ಶಿಗಳಿಂದ ಅದನ್ನು ಕೇಳಿ ಪಡೆದು ಅಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ಓದುಗರೊಬ್ಬರು
ಘಾಟ್‌ಕೋಪರ್, ಮುಂಬೈ